ಸೋಮವಾರದ ಸಂಧಿವಾತ

ಅಫಜಲಪುರದಲ್ಲಿ ಒಂದು ಕಾಲಕ್ಕೆ ಸೋಮವಾರ ಬಂತೆಂದರೆ ಜನರ ಕೀಲುಗಳು ಹಿಡಿದುಕೊಳ್ಳುತ್ತಿದ್ದವು. ಮಂಗಳವಾರ ದವಾಖಾನೆಗೆ ಬಂದವರಿಗೆ ಬರೀ ಕೈನೋವು, ಬುಧವಾರ ಬಂದವರಿಗೆ ಬರೀ ಮೊಣಕಾಲು ನೋವು. ಸೋಮವಾರ ಬಂದವರಿಗೆ ಮಾತ್ರ ಸಾಕ್ಷಾತ್ ಸಂಧಿವಾತ. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಆ ಊರಿನ ರಕ್ತವನ್ನೆಲ್ಲ ಪರೀಕ್ಷೆ ಮಾಡಿ, ಚೀಟಿ ಬರೆದು, ಕೆಳಗೆ ದುಂಡಗೆ ಸಹಿ ಹಾಕಿದವನು ನಾನೇ.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಳಂದ ತಾಲೂಕಿನ ಹಿರೋಳ್ಳಿ ಕಡೆಯವನು. ಗುಲಬರ್ಗಾದಲ್ಲಿ ಲ್ಯಾಬ್ ಕೆಲಸ ಕಲಿತು ಅಫಜಲಪುರದ ಒಂದು ಖಾಸಗಿ ದವಾಖಾನೆಗೆ ಸೇರಿದ್ದೆ. ದವಾಖಾನೆ ಅಂದರೆ ದೊಡ್ಡದೇನಲ್ಲ. ಮುಂದೆ ಡಾಕ್ಟರರ ಕೋಣೆ, ಹಿಂದೆ ನನ್ನ ಕೋಣೆ, ನಡುವೆ ಒಂದು ಹಸಿರು ಪರದೆ. ಡಾಕ್ಟರರು ಜೇವರ್ಗಿಯವರು. ಮಾತು ಕಡಿಮೆ. ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ನನ್ನ ಕೋಣೆಯಲ್ಲಿ ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ರಕ್ತದ ತಿಳಿ ಬೇರೆ ಮಾಡಲು ಕೈಯಿಂದ ತಿರುಗಿಸುವ ಒಂದು ಯಂತ್ರ, ಪೂರ್ವಕ್ಕೆ ಒಂದು ಕಿಟಕಿ. ಕರೆಂಟನ್ನು ನಂಬುವ ಹಾಗಿರಲಿಲ್ಲ. ಹೀಗಾಗಿ ಏನನ್ನೇ ನೋಡಬೇಕಾದರೂ ಕಿಟಕಿಯ ಬೆಳಕಿಗೆ ಹಿಡಿದು, ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದೆ. ಈ ಬಗ್ಗುವಿಕೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ನನ್ನ ವಾಸ ದವಾಖಾನೆಯ ಹಿಂದಿನ ಓಣಿಯಲ್ಲಿ, ಒಂದು ಖಾನಾವಳಿಯ ಬದಿಗಿದ್ದ ಕೋಣೆಯಲ್ಲಿ. ಖಾನಾವಳಿ ನಡೆಸುತ್ತಿದ್ದವಳನ್ನು ಊರೆಲ್ಲ ‘ಆಯಿ’ ಎನ್ನುತ್ತಿತ್ತು. ಭೀಮಾ ದಂಡೆಯ ಮಣ್ಣೂರಿನ ಸೊಸೆ. ಗಂಡ ತೀರಿಕೊಂಡ ಮೇಲೆ ಒಂದು ಹೆಂಚು, ಹಿಟ್ಟು ನಾದುವ ಒಂದು ಪರಾತ ಹಿಡಿದುಕೊಂಡು ಊರಿಗೆ ಬಂದಳಂತೆ. ಐವತ್ತರ ಆಚೀಚೆ ವಯಸ್ಸು. ಜೋಳದ ರೊಟ್ಟಿಯನ್ನು ಅವಳು ಬಡಿಯುವುದನ್ನು ನೋಡಬೇಕಿತ್ತು. ಹಿಟ್ಟಿನ ಮುದ್ದೆಯನ್ನು ಪರಾತದ ಮೇಲಿಟ್ಟು ಎರಡೂ ಅಂಗೈಯಿಂದ ತಟ್ಟುತ್ತ ತಿರುಗಿಸುತ್ತಿದ್ದರೆ ಅದು ತಾನೇ ತಾನಾಗಿ ಬೆಳೆಯುತ್ತಿತ್ತು. ಅಂಚು ಎಲ್ಲೂ ಸೀಳುತ್ತಿರಲಿಲ್ಲ. ನನ್ನ ಗೋಡೆಯ ಆ ಕಡೆಯೇ ಅವಳ ಒಲೆ. ಪಟಪಟ ಪಟಪಟ ಎಂಬ ಆ ಸದ್ದಿಗೇ ನನಗೆ ಬೆಳಗಾಗುತ್ತಿತ್ತು. ಆ ಮೂರು ವರ್ಷ ನನಗೆ ಗಡಿಯಾರದ ಗಂಟೆ ಬೇಕೆನಿಸಲಿಲ್ಲ.

ಆಯಿಗೆ ನಾನು ‘ರಕ್ತದ ಮಾಸ್ತರ’. ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಇನ್ನು ನನ್ನ ಹಣೆಯ ವಿಷಯ. ನನ್ನನ್ನು ಬೆಳೆಸಿದವರು ಅಜ್ಜ. ಮಾತು, ನಡೆ, ಪೂಜೆ ಎಲ್ಲ ಅವರಿಂದಲೇ ಬಂದದ್ದು. ಅಜ್ಜ ವಿಭೂತಿ ಹಚ್ಚಿಕೊಂಡರೆ ಹೊಲದ ಆ ತುದಿಯಿಂದ ಕಾಣುತ್ತಿತ್ತು. ಬೆರಳಿಗೆ ಅಂಟಿದಷ್ಟನ್ನು ಒರೆಸಿಕೊಂಡು ಏಳುವ ಈಗಿನವರನ್ನು ಕಂಡರೆ ಅವರಿಗೆ ಸಿಟ್ಟು. “ಕಂಡೂ ಕಾಣದಂಗ ಹಚ್ಚಕೊಂಡ್ರ ನೋಡಾಕ ಶಿವ ಕಣ್ಣಿಗೆ ಚಾಳೀಸ ಹಾಕ್ಕೋಬೇಕಾಗತದ” ಎನ್ನುತ್ತಿದ್ದರು. ನಾನು ವಾರದ ಉಳಿದ ದಿನ ಈಗಿನವರ ಹಾಗೆಯೇ ಇದ್ದೆ. ಸೋಮವಾರ ಮಾತ್ರ ಅಜ್ಜನ ಮೊಮ್ಮಗ. ಅಂದು ಮಧ್ಯಾಹ್ನದ ತನಕ ಉಪವಾಸ, ಬೆಳಿಗ್ಗೆ ನಿಧಾನ ಪೂಜೆ, ಆಮೇಲೆ ವಿಭೂತಿಯನ್ನು ನೀರಲ್ಲಿ ತೇದು ಮೂರು ಬೆರಳಿನಿಂದ ಈ ಕಿವಿಯಿಂದ ಆ ಕಿವಿಯ ತನಕ ಮೂರು ದಪ್ಪ ಪಟ್ಟೆ. ಹಚ್ಚಿದಾಗ ಹಸಿ. ನಮ್ಮ ಕಡೆಯ ಬಿಸಿಲಿಗೆ ಹತ್ತು ಗಂಟೆಗೆಲ್ಲ ಒಣಗಿ, ಹನ್ನೊಂದಕ್ಕೆ ಹುಬ್ಬೆತ್ತಿದರೆ ಸಾಕು, ಉದುರುತ್ತಿತ್ತು.

ಆಯಿ ಅದನ್ನು ಗಮನಿಸದೆ ಬಿಟ್ಟವಳಲ್ಲ. ಸೋಮವಾರ ಮಧ್ಯಾಹ್ನ ನಾನು ತಟ್ಟೆಯ ಮೇಲೆ ಬಗ್ಗಿದರೆ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು:

“ಏ ರಕ್ತದ ಮಾಸ್ತರ, ತಲಿ ಎತ್ತಿ ಉಣ್ಣು. ನಿನ್ನ ಹಣಿ ಮ್ಯಾಲಿನ ಶಿವ ಬ್ಯಾಳ್ಯಾಗ ಬೀಳಾಕತ್ತಾನ.”

“ಬೀಳಲಿ ಬಿಡ್ರಿ ಆಯಿ, ಪ್ರಸಾದ ಆಗತದ.”

“ಪ್ರಸಾದ ನಿನಗ. ಬಾಜೂ ಕುಂತವಗ ಯಾಕ? ಅವ ಉಪ್ಪು ಕೇಳ್ಯಾನ, ಬೂದಿ ಕೇಳಿಲ್ಲ.”

ಊಟಕ್ಕೆ ಕೂತವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಲ್ಯಾಬಿನ ವಿದ್ಯೆ ಓದಿದವನು ನಾನು, ರೊಟ್ಟಿ ಬಡಿಯುವವಳ ಮಾತನ್ನು ನಗೆಯಾಗಿ ತೆಗೆದುಕೊಂಡು ಕೈ ತೊಳೆಯುತ್ತಿದ್ದೆ.

ಆ ವರ್ಷ ನಮ್ಮ ಓಣಿಗೆ ಎರಡು ಹೊಸ ವಸ್ತುಗಳು ಬಂದವು. ಒಂದು ಆಯಿಯ ಗೋಡೆಗೆ, ಇನ್ನೊಂದು ನನ್ನ ಮೇಜಿಗೆ. ಎರಡೂ ಒಂದೇ ಮನೆತನದವು ಎಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಗೋಡೆಗೆ ಬಂದದ್ದು ಪ್ಲಾಸ್ಟಿಕ್ ಪೇಂಟ್. ಅಲ್ಲಿಯವರೆಗೆ ಖಾನಾವಳಿಯ ಗೋಡೆಗೆ ಸುಣ್ಣ. ಉಂಡವರು ಒರಗಿ ಎದ್ದರೆ ಬೆನ್ನೆಲ್ಲ ಬೆಳ್ಳಗೆ. ಆಯಿಯ ಗಿರಾಕಿ ಯಾರು ಎಂದು ಬಜಾರದಲ್ಲಿ ಬೆನ್ನು ನೋಡಿಯೇ ಹೇಳಬಹುದಿತ್ತು. ಆಳಂದದಿಂದ ಬಂದ ಪೇಂಟರ್ ಒಬ್ಬ, ಇದು ಒಣಗಿದ ಮೇಲೆ ಒದ್ದೆ ಅರಿವೆಯಿಂದ ಒರೆಸಿದರೂ ಹೋಗುವುದಿಲ್ಲ ಎಂದ. ಆಯಿ ಹಾಗೆಲ್ಲ ನಂಬುವವಳಲ್ಲ. ಎರಡು ದಿನ ಒಣಗಲು ಬಿಟ್ಟು, ಮೂರನೆಯ ದಿನ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಸೌಟು ಬೇಳೆಸಾರನ್ನು ಗೋಡೆಗೆ ರಪ್ಪನೆ ಎರಚಿದಳು. ಪೇಂಟರ್ ಹೌಹಾರಿದ. ಆಯಿ ಒದ್ದೆ ಅರಿವೆ ಹಿಡಿದು ಒರೆಸಿದಳು. ಸಾರು ಹೋಯಿತು, ಬಣ್ಣ ಉಳಿಯಿತು. “ಖರೇ ಹೇಳಿದಿ ನೋಡು” ಎಂದು ಅವನಿಗೆ ಒಂದು ರೊಟ್ಟಿ ಹೆಚ್ಚು ಹಾಕಿದಳು.

ನನ್ನ ಮೇಜಿಗೆ ಬಂದದ್ದು ಹೆಬ್ಬೆರಳು ಗಾತ್ರದ ಒಂದು ಬಾಟಲಿ. ಒಳಗೆ ಹಾಲಿನಂಥ ದ್ರವ. ಸೊಲ್ಲಾಪುರದಿಂದ ಬರುತ್ತಿದ್ದ ಕಂಪನಿ ಪ್ರತಿನಿಧಿಯೊಬ್ಬರು ಅದನ್ನು ಮಂಜುಗಡ್ಡೆಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರು, ಹೊಸ ಸೊಸೆಯನ್ನು ಕರೆತರುವ ಹಾಗೆ. ಸಂಧಿವಾತ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಹೇಳುವ ಲ್ಯಾಟೆಕ್ಸ್ ಪರೀಕ್ಷೆ ಅದು. ಅದು ಹಾಲಲ್ಲ, ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಮಣಿಗಳು ಎಂದು ಅವರು ವಿವರಿಸಿದರು. ಎಷ್ಟು ಸಣ್ಣವೆಂದರೆ ಒಂದು ಜೋಳದ ಕಾಳಿನ ಅಗಲಕ್ಕೆ ಸಾವಿರಾರು ಮಣಿ ಸಾಲಾಗಿ ನಿಲ್ಲಬಹುದು. ಈಗ ಅಂಥವಕ್ಕೆ ಪಾಲಿಮರ್ ನ್ಯಾನೋ ಕಣ ಎಂದು ದೊಡ್ಡ ಹೆಸರಿದೆ. ನಾವು ಆಗ ‘ಹಾಲು’ ಎಂದು ಕರೆದು ಕೆಲಸ ಮುಗಿಸುತ್ತಿದ್ದೆವು. ಗೋಡೆಯ ಹೊಸ ಬಣ್ಣ, ಬಡಿಗರ ಬಿಳಿ ಅಂಟು, ಈ ಬಾಟಲಿ, ಮೂರೂ ಅಣ್ಣತಮ್ಮಂದಿರೇ ಎಂದೂ ಅವರೇ ಹೇಳಿದರು. ಬಣ್ಣದ ಮಣಿಗಳು ನೀರು ಆರಿದ ಮೇಲೆ ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗುತ್ತವೆ. ಆಮೇಲೆ ನೀರಿಗೆ ಕರಗುವುದಿಲ್ಲ. ಅಂಟಿನವು ಎರಡು ಹಲಗೆಯ ನಡುವೆ ಕೂತು ಅದನ್ನೇ ಮಾಡುತ್ತವೆ.

ನನ್ನ ಬಾಟಲಿಯ ಮಣಿಗಳದ್ದು ಬೇರೆ ವೃತ್ತಿ. ಅವಕ್ಕೆ ಮೈತುಂಬ ಒಂದು ಬಗೆಯ ಪ್ರೋಟೀನಿನ ಅಂಗಿ ತೊಡಿಸಿರುತ್ತಾರೆ. ಸಂಧಿವಾತ ಇದ್ದವರ ರಕ್ತದಲ್ಲಿ ಆ ಅಂಗಿಯನ್ನು ಕಂಡರೆ ಬಿಡದ ಒಂದು ವಸ್ತು ಇರುತ್ತದೆ. ಅದು ಒಂದು ಕೈಯಿಂದ ಈ ಮಣಿಯ ಅಂಗಿ, ಇನ್ನೊಂದು ಕೈಯಿಂದ ಆ ಮಣಿಯ ಅಂಗಿ ಹಿಡಿದು ಜಗ್ಗುತ್ತದೆ. ಮಣಿಗಳು ಗುಂಪುಗೂಡುತ್ತವೆ. ಕರಿ ಗಾಜಿನ ಮೇಲೆ ರೋಗಿಯ ರಕ್ತದ ತಿಳಿ ಒಂದು ಹನಿ, ಈ ಹಾಲು ಒಂದು ಹನಿ ಕಲಸಿ, ಗಾಜನ್ನು ತೊಟ್ಟಿಲಿನ ಹಾಗೆ ಎರಡು ನಿಮಿಷ ತೂಗಬೇಕು. ಹಾಲು ಹಾಲಾಗಿಯೇ ಉಳಿದರೆ ಪಾರು. ಒಡೆದು ಬಿಳಿ ಹರಳು ಹರಳಾದರೆ ಸಂಧಿವಾತ.

ಪೆಟ್ಟಿಗೆಯಲ್ಲಿ ಇನ್ನೂ ಎರಡು ಬಾಟಲಿಗಳಿದ್ದವು. ಒಂದರ ಹನಿ ಹಾಕಿದರೆ ಹಾಲು ಖಂಡಿತ ಒಡೆಯಬೇಕು, ಇನ್ನೊಂದರದ್ದು ಹಾಕಿದರೆ ಖಂಡಿತ ಒಡೆಯಬಾರದು. ಪ್ರತಿ ಸಲವೂ ರೋಗಿಯ ಹನಿಯ ಪಕ್ಕದಲ್ಲಿ ಇವೆರಡನ್ನೂ ಇಟ್ಟು ತಾಳೆ ನೋಡು ಎಂದು ಒಳಗಿನ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸೊಲ್ಲಾಪುರದಿಂದ ಬರುವ ವಸ್ತು, ಮುಗಿದರೆ ಮತ್ತೆ ಯಾವಾಗಲೋ ಎಂದು ನಾನು ಅವೆರಡನ್ನು ಪೆಟ್ಟಿಗೆ ಒಡೆದ ದಿನ ಒಮ್ಮೆ ನೋಡಿ, ನಮ್ಮಜ್ಜಿ ಹಬ್ಬಕ್ಕೆಂದು ತುಪ್ಪ ಎತ್ತಿಡುತ್ತಿದ್ದ ಹಾಗೆ ಹಿಂದಕ್ಕೆ ಎತ್ತಿಟ್ಟುಬಿಟ್ಟೆ. ನನ್ನ ಜಾಣತನ ಇಷ್ಟು.

ಒಂದು ದಿನ ಆಯಿ ರೊಟ್ಟಿ ಬಡಿಯುತ್ತಿದ್ದವಳು ನಡುವೆ ನಿಲ್ಲಿಸಿ ಕೈ ಝಾಡಿಸಿದಳು. ಮತ್ತೆ ಬಡಿದಳು, ಮತ್ತೆ ಝಾಡಿಸಿದಳು. ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಎಂಟು ದಿನ ಅರಿಶಿಣ ಕಟ್ಟಿದಳು, ಎಣ್ಣೆ ತಿಕ್ಕಿದಳು. ನಾನೇ ಒತ್ತಾಯ ಮಾಡಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ರಕ್ತ ಪರೀಕ್ಷೆ ಬರೆದರು. ಅಂದು ಸೋಮವಾರ.

ನಾನು ಬಹಳ ಅಕ್ಕರೆಯಿಂದ ರಕ್ತ ತೆಗೆದೆ. ಹನ್ನೊಂದು ಗಂಟೆಗೆ ಹನಿ ಕಲಸಿದೆ, ತೂಗಿದೆ. ನಮ್ಮ ಆಯಿಯ ಪರೀಕ್ಷೆ, ತಪ್ಪಾಗಬಾರದೆಂದು ಉಳಿದವರಿಗಿಂತ ಹೆಚ್ಚೇ ಬಗ್ಗಿ ನೋಡಿದೆ. ಹುಬ್ಬು ಗಂಟಿಕ್ಕಿ ನೋಡಿದೆ. ಹಾಲು ಒಡೆದಿತ್ತು. ಕರಿ ಗಾಜಿನ ಮೇಲೆ ಬಿಳಿ ಹರಳು.

ಡಾಕ್ಟರರು ಚೀಟಿ ಓದಿ, ಆಯಿಯ ಕೈ ಹಿಡಿದು ನೋಡಿ, “ಇನ್ನ ಮ್ಯಾಲ ರೊಟ್ಟಿ ಬಡಿಯೋದು ಪೂರಾ ಬಂದ್ ಮಾಡಬೇಕ್ರಿ. ಗುಳಿಗಿ ಕೊಡತೇನಿ, ಭಾಳ ದಿನ ತಗೋಬೇಕಾಗತದ” ಎಂದರು.

“ಪೂರಾ ಅಂದ್ರ?”

“ಪೂರಾ ಅಂದ್ರ ಪೂರಾರಿ. ಇಲ್ಲಾಂದ್ರ ಬೆರಳು ಸೊಟ್ಟಗ ಆಗತಾವ.”

ಆಯಿ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು, ಅಷ್ಟೆ. ಅವಳ ಬಾಯಿಂದ ತಿರುಗುಮಾತು ಬರದಿದ್ದ ಮೊದಲ ದಿನ ಅದು.

ಎರಡು ದಿನಕ್ಕೆ ಮಣ್ಣೂರಿನಿಂದ ಅವಳ ನೆಗೆಣ್ಣಿ ಬಂದಳು. ಮೈದುನನ ಹೆಂಡತಿ, ಬಾಯಿ ಚುರುಕು, ಕೈ ನಿಧಾನ. ಒಲೆಯ ಮುಂದೆ ಕೂತವಳೇ ಚೀಲದಿಂದ ಲಟ್ಟಣಿಗೆ ತೆಗೆದಳು. ಬಡಿದ ರೊಟ್ಟಿ ತಿಂದ ಬಾಯಿಗೆ ಲಟ್ಟಿಸಿದ ರೊಟ್ಟಿ! ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೆಗೆಣ್ಣಿಯ ರೊಟ್ಟಿ ತಟ್ಟೆಗೆ ಬಿದ್ದರೆ ತಟ್ಟೆ ನೆಗ್ಗುತ್ತಿತ್ತು. ಒಬ್ಬ ಲಾರಿ ಡ್ರೈವರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ, “ಬಾಯಾರೆ, ಇದನ್ನ ಉಣ್ಣೋದೋ, ಗಾಲಿಗೆ ಹಾಕೋದೋ?” ಎಂದ. ನೆಗೆಣ್ಣಿ, “ಹಲ್ಲಿದ್ದವರು ಉಣ್ರಿ, ಇಲ್ಲದವರು ಗಾಲಿಗೆ ಹಾಕ್ರಿ” ಎಂದು ಇನ್ನೊಂದು ಹಾಕಿದಳು. ಇಬ್ಬರು ಖಾಯಂ ಗಿರಾಕಿಗಳು ಬಸ್ ಸ್ಟ್ಯಾಂಡಿನ ಕಡೆ ಊಟಕ್ಕೆ ಹೋಗತೊಡಗಿದರು.

ಆಯಿ ಬಾಗಿಲಲ್ಲಿ, ಹೊಸ ಬಣ್ಣದ ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಗುಳಿಗೆಗೆ ಅವಳ ಹೊಟ್ಟೆ ಕೆಟ್ಟಿತ್ತು. ಬಂದವರಿಗೆ ‘ಬರ್ರಿ, ಕೂಡ್ರಿ’ ಅನ್ನುವುದನ್ನು ಬಿಟ್ಟರೆ ಮಾತಿಲ್ಲ. ಒಮ್ಮೆ ನನ್ನನ್ನು ಕೇಳಿದಳು: “ರಕ್ತದ ಮಾಸ್ತರ, ಆ ಪರಾತ ನೆಗೆಣ್ಣಿಗೆ ಕೊಟ್ಟು ನಾನು ಮಣ್ಣೂರಿಗೆ ಹೋಗಿಬಿಡಲೇನು? ಬಡಿಲಾರದ ಮ್ಯಾಲ ನಾ ಇಲ್ಲಿ ಕುಂತು ಏನ್ ಮಾಡಲಿ?” ಬೆಳಿಗ್ಗೆ ಗೋಡೆಯಾಚೆ ಪಟಪಟ ಇಲ್ಲ. ಲಟ್ಟಣಿಗೆ ಉರುಳುವುದಕ್ಕೆ ಸದ್ದೇ ಇಲ್ಲ. ಎರಡು ಸಲ ಕೆಲಸಕ್ಕೆ ತಡವಾಗಿ ಹೋದೆ.

ಇದರ ನಡುವೆ ಡಾಕ್ಟರರು ಒಂದು ಸಂಜೆ ಚೀಟಿಗಳ ಕಟ್ಟು ತಿರುವುತ್ತ ಪರದೆ ಸರಿಸಿ ಕೇಳಿದರು: “ಏನಪಾ, ಸೋಮವಾರ ನಮ್ಮ ಊರಾಗ ಸಂಧಿವಾತದ ಸಂತಿ ನಡಿತದೇನು? ಉಳಿದ ದಿನ ಒಬ್ಬರಿಗೋ ಇಬ್ಬರಿಗೋ, ಸೋಮವಾರ ಮಾತ್ರ ಬಂದವರಿಗೆಲ್ಲ!”

“ಹಳ್ಳಿಯವರು ಸೋಮವಾರನs ಹೆಚ್ಚು ಬರತಾರ್ರಿ ಸರ” ಎಂದೆ. ಉತ್ತರ ನನಗೇ ಅಷ್ಟು ಸರಿ ಕಾಣಲಿಲ್ಲ. ಅವರೂ ಹ್ಞೂಂ ಎಂದು ಪರದೆ ಎಳೆದುಕೊಂಡರು.

ಮುಂದಿನ ಸೋಮವಾರ ಮಧ್ಯಾಹ್ನ ಉಪವಾಸ ಮುಗಿಸಿ ಊಟಕ್ಕೆ ಕೂತೆ. ನೆಗೆಣ್ಣಿ ರೊಟ್ಟಿ ಹಾಕಿ, ಪಕ್ಕದಲ್ಲಿ ಗುರೆಳ್ಳಿನ ಚಟ್ನಿಪುಡಿ, ನಮ್ಮ ಮಾತಲ್ಲಿ ಹಿಂಡಿ, ಹಾಕಿ ಎಣ್ಣೆ ಬಿಟ್ಟಳು. ನಮ್ಮ ಗುರೆಳ್ಳಿನ ಹಿಂಡಿ ಕಾಡಿಗೆಯಷ್ಟು ಕಪ್ಪು. ಆ ರೊಟ್ಟಿಯನ್ನು ಮುರಿಯಲು ಬಲ ಬೇಕಿತ್ತು. ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ತಟ್ಟೆಯ ಮೇಲೆ ಬಗ್ಗಿದೆ. ಎಷ್ಟೋ ದಿನದ ಮೇಲೆ ಬಾಗಿಲಿನಿಂದ ಆಯಿಯ ದನಿ ಬಂತು:

“ತಲಿ ಎತ್ತಿ ಉಣ್ಣು ಅಂತ ಎಷ್ಟು ಸಲ ಹೇಳಬೇಕೋ ನಿನಗ? ನೋಡಲ್ಲಿ, ಹಿಂಡ್ಯಾಗ ಹೆಂಗ ಉದುರ್ಯಾವ!”

ನೋಡಿದೆ. ಕಪ್ಪು ಹಿಂಡಿಯ ಮೇಲೆ ಬಿಳಿ ಹರಳು. ಇಷ್ಟಿಷ್ಟೇ, ಸಾಸಿವೆಯ ಚೂರಿನಂಥವು. ಈ ಹರಳುಗಳನ್ನು ನಾನು ಎಲ್ಲಿಯೋ ನೋಡಿದ್ದೇನೆ ಎನ್ನಿಸಿತು. ಎಲ್ಲಿಯೋ ಏನು, ಎರಡು ತಾಸಿನ ಕೆಳಗೆ, ಕರಿ ಗಾಜಿನ ಮೇಲೆ, ಹಾಲಿನ ಹನಿಯಲ್ಲಿ. ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಇನ್ನಷ್ಟು ಉದುರಿತು.

“ಯಾಕೋ, ಕಲ್ಲು ಸಿಕ್ತೇನು?” ಎಂದಳು ಆಯಿ.

“ಇಲ್ರಿ” ಎಂದು ಎದ್ದುಬಿಟ್ಟೆ. ಹಿಂದಿನಿಂದ ನೆಗೆಣ್ಣಿ, “ಏನ್ ಊಟ ಬಿಟ್ಟು ಓಡಾಕತ್ತಾರ! ಅಷ್ಟು ಕೆಟ್ಟ ಮಾಡೇನೇನ ಬೇ?” ಎಂದು ಕೇಳಿದ್ದು ಕೇಳಿಸಿತು. ಆಯಿ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು.

ಲ್ಯಾಬಿಗೆ ಹೋಗಿ ಎತ್ತಿಟ್ಟಿದ್ದ ತುಪ್ಪವನ್ನು, ಅಂದರೆ ಆ ‘ಖಂಡಿತ ಒಡೆಯಬಾರದ’ ಬಾಟಲಿಯನ್ನು ತೆಗೆದೆ. ಒಂದು ಹನಿ ಕಲಸಿ, ಮುಖ ಆಚೆ ತಿರುಗಿಸಿ ತೂಗಿದೆ. ಹಾಲು ಹಾಲಾಗಿಯೇ ಇತ್ತು. ಇನ್ನೊಂದು ಹನಿ ಕಲಸಿ, ನನ್ನ ಪದ್ಧತಿಯಂತೆ ಬಗ್ಗಿ, ಹುಬ್ಬು ಗಂಟಿಕ್ಕಿ ತೂಗಿದೆ. ಒಡೆಯಿತು. ಎಂದೂ ಒಡೆಯಬಾರದ್ದು ನನ್ನ ಹಣೆಯ ಕೆಳಗೆ ಒಡೆದು ಹರಳಾಗಿ ಕೂತಿತು.

ಎರಡನ್ನೂ ಹಿಡಿದುಕೊಂಡು ಪರದೆ ಸರಿಸಿ ಹೋದೆ. ಎಲ್ಲ ಹೇಳಿದೆ. ಡಾಕ್ಟರರು ಗಾಜು ನೋಡಿದರು, ನನ್ನ ಹಣೆ ನೋಡಿದರು, ಮತ್ತೆ ಗಾಜು ನೋಡಿದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರ ಹೊಟ್ಟೆ ಕುಣಿಯಲಾರಂಭಿಸಿತು. ಕುಣಿದು ಕುಣಿದು, ಕಣ್ಣೊರೆಸಿಕೊಂಡು, ಆಮೇಲೆ ಗಂಭೀರವಾದರು.

“ನಗೋ ಮಾತಲ್ಲ ಬಿಡು. ಚೀಟಿ ಒಂದನ್ನs ನಂಬಿ ನಾನೂ ಗುಳಿಗಿ ಬರದೇನಿ, ನಂದೂ ತಪ್ಪ ಅದ. ಸೋಮವಾರದವರನ್ನೆಲ್ಲ ಮತ್ತ ಕರಿಯೋಣ. ಮೊದಲ ಆಯೀನ್ನ ಕರಕೊಂಡು ಬಾ.” ಪರದೆಯ ತನಕ ಹೋದವನನ್ನು ಮತ್ತೆ ಕರೆದರು: “ಮುಖ ತೊಳಕೋಬ್ಯಾಡ. ಹಂಗs ಹೋಗು. ಆಕಿ ನೋಡಲಿ.”

ಹಾಗೇ ಹೋದೆ. ಆಯಿ ಇನ್ನೂ ಬಾಗಿಲಲ್ಲೇ ಇದ್ದಳು. ಮುಂದೆ ಕುಕ್ಕರಗಾಲಲ್ಲಿ ಕೂತು, “ಆಯಿ, ನಿಮ್ಮ ರಕ್ತದಾಗ ದೋಷ ಇರಲಿಕ್ಕಿಲ್ರಿ. ಹಾಲು ಒಡದದ್ದು ನನ್ನ ವಿಭೂತಿಗೆ ಕಾಣತದ” ಎಂದು ಶುರು ಮಾಡಿ ಎಲ್ಲ ಒಪ್ಪಿಸಿದೆ. ಹೇಳುತ್ತ ಹೋದಂತೆ ಅವಳ ಬೆನ್ನು ಗೋಡೆಯಿಂದ ಸ್ವಲ್ಪ ಸ್ವಲ್ಪ ಮುಂದಕ್ಕೆ ಬಂತು.

“ಅಂದ್ರ ನನ್ನ ರೊಟ್ಟಿ ಬಂದ್ ಮಾಡಿಸಿದ್ದು ನೀನು.”

“ಹೌದ್ರಿ.”

“ಗುಳಿಗಿ ನುಂಗಿಸಿದ್ದು ನೀನು. ಈ ಲಟ್ಟಣಿಗೀನ ಮನಿಗೆ ತರಿಸಿದ್ದು ನೀನು.”

“ಹೌದ್ರಿ.” ಒಳಗಿನಿಂದ ನೆಗೆಣ್ಣಿ, “ನಾ ಏನ್ ಮಾಡೇನಿ?” ಎಂದಳು.

“ಮೂರು ವರ್ಷದಿಂದ ಬಡಕೊಂಡೇನಿ, ತಲಿ ಎತ್ತಿ ಉಣ್ಣು, ತಲಿ ಎತ್ತಿ ಉಣ್ಣು ಅಂತ. ಲೇ, ಶಿವ ನಿನ್ನ ಹಣಿ ಮ್ಯಾಲ ಇರಲಿ, ಬ್ಯಾಡಂದವರು ಯಾರು? ನನ್ನ ರಕ್ತದಾಗ ಯಾಕ ಇಳಿಸಿದಿ ಅವನ್ನ?” ಇಷ್ಟು ಹೇಳಿ ಎದ್ದು ನಿಂತು ಗೋಡೆಯನ್ನು ಅಂಗೈಯಿಂದ ಸವರಿದಳು. “ಇದು ನೋಡು. ವರ್ಷಾಗಾಕ ಬಂತು, ಒಂದು ಚೂರು ಉದುರಿಲ್ಲ. ಸೋಮವಾರಕ್ಕೊಮ್ಮೆ ಈ ಪೇಂಟನ್ನs ಹಚ್ಚಕೋ ನೀ. ಬ್ಯಾಳಿ ಒಗದ್ರೂ ಹೋಗಂಗಿಲ್ಲ.”

ತಿರುಗುಮಾತು ಮರಳಿ ಬಂದದ್ದನ್ನು ಕೇಳಿ, ಬೈಸಿಕೊಳ್ಳುತ್ತಿರುವುದು ನಾನೇ ಎಂಬುದು ಮರೆತು ನಕ್ಕುಬಿಟ್ಟೆ.

ಮರುದಿನ ಆಯಿ ಲ್ಯಾಬಿಗೆ ಬಂದಳು. ನಾನು ಮಂಗಳವಾರದ ತೆಳು ಹಣೆಯಲ್ಲಿದ್ದೆ, ಆದರೂ ಅವಳಿಗೆ ಭರವಸೆ ಇಲ್ಲ. ಸೊಂಟದಿಂದ ಒಂದು ಅರಿವೆ ತೆಗೆದಳು. ಬಿಸಿ ರೊಟ್ಟಿ ಸುತ್ತಿಡುವ ಬಿಳಿ ಅರಿವೆ. “ಬಗ್ಗು” ಎಂದಳು. ಊದಿದ ಹೆಬ್ಬೆರಳಿನಲ್ಲೇ ನನ್ನ ಹಣೆಯ ಸುತ್ತ ಅದನ್ನು ಬಿಗಿದು, ಹಿಂದೆ ಎರಡು ಗಂಟು ಹಾಕಿದಳು. ಗಂಟು ಹಾಕುವಾಗ ನೋವಿಗೆ ಉಸಿರೆಳೆದುಕೊಂಡದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಪರದೆಯ ಸಂದಿಯಿಂದ ಡಾಕ್ಟರರ ಹೊಟ್ಟೆ ಮಾತ್ರ ಕಾಣುತ್ತಿತ್ತು.

ರಕ್ತ ತೆಗೆದು, ತಿಳಿ ಬೇರೆಯಾಗುವ ತನಕ ಕಾದು, ಕರಿ ಗಾಜಿನ ಮೇಲೆ ಮೂರು ಹನಿ ಇಟ್ಟೆ: ಒಡೆಯಲೇಬೇಕಾದ್ದು, ಒಡೆಯಬಾರದ್ದು, ನಡುವೆ ಆಯಿ. ಹಾಲು ಹಾಕಿ ಕಲಸಿದೆ. ತೂಗಲು ಶುರು ಮಾಡಿದೆ. ಎರಡು ನಿಮಿಷ.

“ಇದು ಎಂಥಾ ಹಾಲೋ? ಎಮ್ಮೀದೋ, ಆಕಳದ್ದೋ?”

“ಹಾಲಲ್ರಿ ಆಯಿ. ನಿಮ್ಮ ಗೋಡಿ ಬಣ್ಣದಾಗ ಇರತಾವಲ್ಲ, ಅಂಥಾವೇ ಪ್ಲಾಸ್ಟಿಕ್ ಮಣಿ. ಕಣ್ಣಿಗೆ ಕಾಣಂಗಿಲ್ಲ, ಅಷ್ಟು ಸಣ್ಣವು.”

“ಹಂಗಾದ್ರ ನನ್ನ ರಕ್ತಕ್ಕ ಬಣ್ಣ ಹಚ್ಚಾಕತ್ತಿ ಅನ್ನು. ಮತ್ತ ಇವು ಬ್ಯಾನಿ ವಾಸಿ ಮಾಡತಾವೇನು?”

“ಇಲ್ರಿ. ಅದನೋ ಇಲ್ಲೋ ಅಂತ ಹೇಳತಾವ, ಅಷ್ಟೇ.”

“ಬರೇ ಹೇಳತಾವ, ಮಾಡಂಗಿಲ್ಲ. ನಮ್ಮ ನೆಗೆಣ್ಣಿ ಹಂಗ.”

ಬ್ಯಾನಿ ವಾಸಿ ಮಾಡತಾವೇನು ಎಂಬ ಅವಳ ಪ್ರಶ್ನೆಯನ್ನು ನಾನು ಆಗ ನಗೆಯಲ್ಲಿ ತೇಲಿಸಿದೆ. ತೊಂಬತ್ತರ ದಶಕದಲ್ಲಿ ಗುಲಬರ್ಗಾದಲ್ಲಿ ಒಂದು ಸಭೆಗೆ ಹೋಗಿದ್ದಾಗ, ಇಂಥದೇ ಸಣ್ಣ ಮಣಿಗಳ ಹೊಟ್ಟೆಯಲ್ಲಿ ಔಷಧಿ ತುಂಬಿ, ಅದು ಮೈಯೊಳಗೆ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವ ಹಾಗೆ, ನೋವಿದ್ದ ಜಾಗಕ್ಕೇ ಹೋಗಿ ಸೇರುವ ಹಾಗೆ ಮಾಡಲು ದೊಡ್ಡ ದೊಡ್ಡವರು ಹೆಣಗುತ್ತಿದ್ದಾರೆಂದು ಒಬ್ಬರು ಪರದೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಸುತ್ತಲಿನವರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಈ ಪ್ರಶ್ನೆ ನಮ್ಮ ಓಣಿಯಲ್ಲಿ ಆಗಲೇ ಎದ್ದಿತ್ತಲ್ಲ ಎಂದು ನಾನು ಒಬ್ಬನೇ ನಗುತ್ತ ಕೂತಿದ್ದೆ.

ಎರಡು ನಿಮಿಷ ಮುಗಿಯಿತು. ಗಾಜನ್ನು ಕಿಟಕಿಗೆ ಹಿಡಿದೆ. ಆಯಿ ನನಗಿಂತ ಮುಂಚೆ ಬಗ್ಗಿದಳು. ಆ ತುದಿಯ ಹನಿ ಒಡೆದಿತ್ತು. ಈ ತುದಿಯ ಹನಿ ಒಡೆದಿರಲಿಲ್ಲ. ನಡುವಿನದು ಈಗತಾನೇ ಕರೆದ ಹಾಲಿನ ಹಾಗೆ ನುಣ್ಣಗಿತ್ತು.

“ನಂದು ಯಾವುದು?” ಗೊತ್ತಿದ್ದೂ ಕೇಳಿದಳು.

“ನಡಬರಕಿಂದ್ರಿ.”

“ಇನ್ನೊಮ್ಮೆ ಮಾಡು.”

ಇನ್ನೊಮ್ಮೆ ಮಾಡಿದೆ. ಹಾಲು ಹಾಲೇ. ಆಯಿ ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

ಡಾಕ್ಟರರು ಈ ಸಲ ಚೀಟಿ ಪಕ್ಕಕ್ಕಿಟ್ಟು ಕೈಯನ್ನೇ ಒತ್ತಿ, ತಿರುಗಿಸಿ, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಹೊತ್ತು ಎಂದೆಲ್ಲ ಕೇಳಿದರು. ಇದು ದುಡಿದು ಸವೆದ ಕೀಲು. ನೋವು ಪೂರಾ ಹೋಗುತ್ತದೆ ಎಂದು ತಾವು ಹೇಳುವುದಿಲ್ಲ. ಹೆಬ್ಬೆರಳಿಗೆ ಪಟ್ಟಿ ಕಟ್ಟಬೇಕು, ಬಿಸಿನೀರಲ್ಲಿ ಕೈ ಇಡಬೇಕು, ರೊಟ್ಟಿಯನ್ನು ಅರ್ಧಕ್ಕರ್ಧ ಇಳಿಸಬೇಕು ಎಂದರು. ಆ ಗುಳಿಗೆ ನಿಲ್ಲಿಸಿದರು.

“ಅರ್ಧ ಅಂದ್ರ ಹೊತ್ತಿಗೆ ಅರ್ಧನೋ, ದಿನಕ್ಕ ಅರ್ಧನೋ?” ಆಯಿ ಚೌಕಾಶಿಗಿಳಿದಳು.

“ಕೈ ಝಾಡಿಸೋ ಹಂಗ ಆದ್ರ ನಿಂದ್ರಸಬೇಕು. ಅಷ್ಟೇರಿ ಲೆಕ್ಕ.”

ಸೋಮವಾರದ ಉಳಿದವರನ್ನೂ ಕರೆಸಿದೆವು. ಕೆಲವರಿಗೆ ನಿಜವಾಗಿಯೂ ಇತ್ತು. ಬಹಳ ಮಂದಿಗೆ ಇರಲಿಲ್ಲ. ಎಲ್ಲರೂ ಖುಷಿಪಟ್ಟರೆಂದು ತಿಳಿಯಬೇಡಿ. ನಿವೃತ್ತ ಮಾಸ್ತರರೊಬ್ಬರು ಚೀಟಿ ಓದಿ ಮುಖ ಸಣ್ಣದು ಮಾಡಿಕೊಂಡು, “ಇದನ್ನ ಮನಿಯಾಗ ಹೇಳಬ್ಯಾಡ್ರಿ ಮತ್ತ. ತಿಂಗಳಾತು ಬಾವಿ ನೀರು ಸೇದೋದು ತಪ್ಪಿತ್ತು” ಎಂದು ಕೈಮುಗಿದರು. ಎಲ್ಲರ ಮುಂದೆಯೂ ನನ್ನ ಹಣೆಯ ಕಥೆ ಹೇಳಿ ತಪ್ಪೊಪ್ಪಿಕೊಳ್ಳಬೇಕಾಯಿತು. ಬೈದವರು ಕಡಿಮೆ. ನನ್ನ ಹಣೆಯನ್ನು ನೋಡಲೆಂದೇ ಎರಡನೆಯ ಸಲ ಬಂದವರು ಹೆಚ್ಚು.

ಆಯಿಯ ಪರೀಕ್ಷೆ ನಡೆದ ಆ ಮಂಗಳವಾರ ಮಧ್ಯಾಹ್ನ ಇಬ್ಬರೂ ಲ್ಯಾಬಿನಿಂದ ನೇರ ಖಾನಾವಳಿಗೆ ಬಂದೆವು. ನೆಗೆಣ್ಣಿ ಲಟ್ಟಣಿಗೆ ಹಿಡಿದು ಕೂತಿದ್ದಳು. ಆಯಿ ಹೋಗಿ ಅವಳ ಎದುರು ನಿಂತಳು. ನೆಗೆಣ್ಣಿ ಅವಳ ಮುಖ ನೋಡಿದಳು, ತಾನೇ ಅತ್ತ ಸರಿದು ಜಾಗ ಬಿಟ್ಟಳು. “ಎದ್ದು ಹೋಗಬ್ಯಾಡ ಬೇ. ಬಾಜೂ ಕುಂತು ಬಡಿಯೋದು ಕಲಿ. ಅರ್ಧ ನಂದು, ಅರ್ಧ ನಿಂದು” ಎಂದಳು ಆಯಿ. “ಮೊದಲ ಆ ಲಟ್ಟಣಿಗಿ ಒಲಿಗೆ ಹಾಕು.”

“ಒಲಿಗ್ಯಾಕ? ನಿಮ್ಮ ರಕ್ತದ ಮಾಸ್ತರನ ಸಲುವಾಗಿ ಇಟ್ಟುಕೊಂಡಿರತೇನಿ” ಎಂದಳು ನೆಗೆಣ್ಣಿ.

ಆಯಿ ಹಿಟ್ಟು ನಾದಿದಳು. ಮುದ್ದೆ ಮಾಡಿ ಪರಾತದ ಮೇಲಿಟ್ಟು ಬಡಿದಳು. ಪಟ ಪಟ. ನಿಂತಳು. ಮತ್ತೆ ಪಟಪಟ. ಎಷ್ಟೋ ದಿನ ಬಿಟ್ಟ ಕೈ, ಬುಡದಲ್ಲಿ ಬಾವು. ರೊಟ್ಟಿ ಬೆಳೆಯುತ್ತ ಬಂದದ್ದು ಒಂದು ಕಡೆ ಅಂಚು ಸೀಳಿತು. ಹೆಂಚಿಗೆ ಹಾಕುವಾಗ ಸೀಳು ನಡುವಿನ ತನಕ ಹೋಯಿತು. ಅವಳ ರೊಟ್ಟಿಯ ಅಂಚು ಸೀಳಿದ್ದನ್ನು ಆ ಓಣಿ ನೋಡಿರಲಿಲ್ಲ. ಆಯಿ ಅದನ್ನು ಎರಡೂ ಬದಿ ಬೇಯಿಸಿ, ಎತ್ತಿ ತಂದು ನನ್ನ ತಟ್ಟೆಗೆ ಹಾಕಿದಳು.

“ನನ್ನ ಹಾಲು ಒಡಸಿದ್ದು ನೀನು. ಹರಿದ ರೊಟ್ಟಿನೂ ನೀನs ತಿನ್ನು.”

ಬಗ್ಗಿ ತಿನ್ನಲು ಹೋದೆ. ಹಣೆಗೆ ಅರಿವೆ ಕಟ್ಟಿದ್ದು ಹಾಗೇ ಇತ್ತು, ಬಿಚ್ಚುವುದು ಮರೆತಿದ್ದೆ. ಆದರೂ ಆಯಿ ಒಲೆಯ ಕಡೆ ತಿರುಗುತ್ತಲೇ, “ತಲಿ ಎತ್ತಿ” ಎಂದಳು. ತಲೆಯೆತ್ತಿ, ಗೋಡೆ ನೋಡುತ್ತ ತಿಂದೆ. ಎರಡನೆಯ ಮುದ್ದೆ ಪರಾತಕ್ಕೆ ಬಿದ್ದಿತ್ತು.